ಆರಂಭದ ಶಿಲ್ಕು ಕಾಣದ ಖಾತೆ: ಬೃಹತ್ ಕಪ್ಪುಕುಳಿಗಳ ಕುರಿತ ಒಂದು ಆನ್‌ಲೈನ್ ಪಾಠಸರಣಿ

ಗೆಲಾಕ್ಸಿಗಳ ಕೇಂದ್ರದಲ್ಲಿರುವ ಬೃಹತ್ ಕಪ್ಪುಕುಳಿಗಳು ಹುಟ್ಟಿದ್ದು ಹೇಗೆ? ಈ ಒಂದೇ ಪ್ರಶ್ನೆಯನ್ನು ಹಿಡಿದು ಎಂಟು ಪಾಠಗಳವರೆಗೆ ಬೆಳೆಸುವ ಆನ್‌ಲೈನ್ ಸರಣಿಯೊಂದನ್ನು ಈಚೆಗೆ ನೋಡಿ ಮುಗಿಸಿದೆ. ಚಂದಾ ಕಟ್ಟಿ ನೋಡಬೇಕಾದ ಸರಣಿ. ಪಾಠ ಹೇಳುವವರು ವೃತ್ತಿನಿರತ ಖಗೋಳವಿಜ್ಞಾನಿ. ಹಲಗೆಯ ಮುಂದೆ ನಿಂತು ಸೀಮೆಸುಣ್ಣದಲ್ಲಿ ಬರೆಯುತ್ತಾ, ತಪ್ಪಾದರೆ ಅಂಗೈಯಲ್ಲೇ ಒರೆಸುತ್ತಾ ಮಾತಾಡುತ್ತಾರೆ. ನನ್ನ ವೃತ್ತಿ ಲೆಕ್ಕಪರಿಶೋಧನೆ. ಭೌತವಿಜ್ಞಾನದ ಜೊತೆಗಿನ ನಂಟು ಕಾಲೇಜಿನಲ್ಲೇ ಮುಗಿದಿದ್ದರೂ ಆಸೆ ಮುಗಿದಿರಲಿಲ್ಲ. ಅಂಥವರಿಗೆ ಈ ಸರಣಿಯನ್ನು ಧೈರ್ಯವಾಗಿ ಹೇಳಬಲ್ಲೆ. ಮೂರನೆಯ ಪಾಠವೊಂದಕ್ಕೇ ಚಂದಾ ಸಾರ್ಥಕ. ಏಳನೆಯ ಪಾಠದ ಬಗ್ಗೆ ಮಾತ್ರ ನನಗೆ ಗಂಭೀರವಾದ ತಕರಾರಿದೆ.

ಮೊದಲು ಒಂದು ಎಚ್ಚರಿಕೆ. ಪ್ರತಿ ಪಾಠದ ಆರಂಭದಲ್ಲೂ ಒಂದು ಚಲಿಸುವ ಚಿತ್ರ ಬರುತ್ತದೆ. ಸುತ್ತಲಿನ ನಕ್ಷತ್ರಗಳನ್ನೆಲ್ಲ ಕಪ್ಪುಕುಳಿ ಸೆಳೆದು ನುಂಗುತ್ತದೆ, ಕೊನೆಗೆ ಇಡೀ ಗೆಲಾಕ್ಸಿಯೇ ಮಾಯವಾಗುತ್ತದೆ. ಇದು ಶುದ್ಧ ತಪ್ಪು. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿಯನ್ನು ಇಟ್ಟರೆ ಭೂಮಿ ಈಗಿನ ಕಕ್ಷೆಯಲ್ಲೇ ಸುತ್ತುತ್ತಿರುತ್ತದೆ. ನಮ್ಮ ಆಕಾಶಗಂಗೆಯ ಕೇಂದ್ರದ ಸ್ಯಾಜಿಟೇರಿಯಸ್ ಎ* ಸುಮಾರು 43 ಲಕ್ಷ ಸೂರ್ಯರಷ್ಟು ತೂಗುತ್ತದೆ, ನಿಜ. ಆದರೆ ಇಡೀ ಗೆಲಾಕ್ಸಿಯ ತೂಕದ ಮುಂದೆ ಅದು ಏನೇನೂ ಅಲ್ಲ. ಪಾಠ ಮಾಡುವವರು ಮೊದಲ ಕಂತಿನಲ್ಲೇ ಇದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಹಾಗಿದ್ದ ಮೇಲೆ ಅವರ ಮಾತನ್ನೇ ಸುಳ್ಳು ಮಾಡುವ ಚಿತ್ರವನ್ನು ನಿರ್ಮಾಪಕರು ಎಂಟು ಸಲ ತೋರಿಸುವುದು ಏಕೆ? ಆ ಅರ್ಧ ನಿಮಿಷವನ್ನು ದಾಟಿಸಿಬಿಡಿ.

ಮೊದಲ ಪಾಠ ಸ್ಯಾಜಿಟೇರಿಯಸ್ ಎ* ಕುರಿತದ್ದು. ಎಸ್2 ಎಂಬ ನಕ್ಷತ್ರ ಹದಿನಾರು ವರ್ಷಕ್ಕೊಮ್ಮೆ ಅದನ್ನು ಸುತ್ತಿ ಬರುತ್ತದೆ. 2018ರ ಮೇ ತಿಂಗಳಲ್ಲಿ ಹತ್ತಿರದ ಬಿಂದುವನ್ನು ಹಾದಾಗ ಅದರ ವೇಗ ಸೆಕೆಂಡಿಗೆ 7,000 ಕಿಲೋಮೀಟರಿಗೂ ಹೆಚ್ಚಿತ್ತು. ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರ ತಂಡಗಳು ದಶಕಗಳ ಕಾಲ ಬೇರೆ ಬೇರೆಯಾಗಿ ಇದನ್ನು ಅಳೆದವು. ಅದಕ್ಕಾಗಿ ಇಬ್ಬರಿಗೂ 2020ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಲಗೆಯ ಮೇಲೆ ವರ್ಷಕ್ಕೊಂದರಂತೆ ಚುಕ್ಕಿ ಇಡುತ್ತಾ ಹೋಗಿ, ಕೊನೆಗೆ ಅವೆಲ್ಲ ಸೇರಿ ದೀರ್ಘವೃತ್ತವಾಗುವುದನ್ನು ತೋರಿಸುತ್ತಾರೆ. ಕಾಣದ ವಸ್ತುವಿನ ತೂಕವನ್ನು ಅದರ ಸುತ್ತ ಓಡುವವರ ವೇಗದಿಂದ ಹೇಗೆ ಕಂಡುಹಿಡಿಯುತ್ತಾರೆ ಎಂಬುದು ಇದಕ್ಕಿಂತ ಸರಳವಾಗಿ ಅರ್ಥವಾಗಲಾರದು.

ಎರಡನೆಯ ಪಾಠ ಇತಿಹಾಸ. 1963ರಲ್ಲಿ ಮಾರ್ಟೆನ್ ಸ್ಮಿತ್ ಅವರು 3ಸಿ 273 ಎಂಬ ವಿಚಿತ್ರ 'ನಕ್ಷತ್ರ'ದ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಜಲಜನಕದ ಪರಿಚಿತ ರೇಖೆಗಳನ್ನು ಗುರುತಿಸಿದರು. ಅವು ಸುಮಾರು ಶೇ 16ರಷ್ಟು ಕೆಂಪಿನ ಕಡೆಗೆ ಸರಿದಿದ್ದವು. ವಿಶ್ವ ಹಿಗ್ಗುತ್ತಿರುವುದರಿಂದ ದೂರ ಹೆಚ್ಚಿದಷ್ಟೂ ಬೆಳಕು ಹೀಗೆ ಹೆಚ್ಚು ಸರಿಯುತ್ತದೆ. ಅಂದರೆ ಅದು ನೂರಾರು ಕೋಟಿ ಜ್ಯೋತಿರ್ವರ್ಷ ದೂರದ, ಇಡೀ ಗೆಲಾಕ್ಸಿಗಳನ್ನು ಮೀರಿ ಬೆಳಗುವ ಕ್ವೇಸಾರ್. ಮರುವರ್ಷವೇ ಸಾಲ್‌ಪೀಟರ್ ಮತ್ತು ಜೆಲ್ಡೋವಿಚ್, ಇಂಥ ಬೆಳಕಿನ ಮೂಲ ಕಪ್ಪುಕುಳಿಗೆ ಬೀಳುವ ಅನಿಲವಾಗಿರಬಹುದು ಎಂದು ಪ್ರತ್ಯೇಕವಾಗಿ ಸೂಚಿಸಿದರು. 1969ರಲ್ಲಿ ಡೊನಾಲ್ಡ್ ಲಿಂಡನ್-ಬೆಲ್, ಉರಿದು ತಣಿದ ಕ್ವೇಸಾರ್‌ಗಳು ನಮ್ಮ ಸುತ್ತಲಿನ ಗೆಲಾಕ್ಸಿಗಳ ಕೇಂದ್ರದಲ್ಲೇ ಇರಬೇಕು ಎಂದರು.

ಈ ಪಾಠದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಆಂಡ್ರೆಜ್ ಸೋಲ್ಟಾನ್ ಅವರ 1982ರ ವಾದ. ಎಲ್ಲ ಕ್ವೇಸಾರ್‌ಗಳು ಈವರೆಗೆ ಸೂಸಿದ ಬೆಳಕನ್ನು ಕೂಡಿಸಿ. ಅಷ್ಟು ಬೆಳಕು ಹೊರಬರಬೇಕಾದರೆ ಎಷ್ಟು ಅನಿಲ ಒಳಗೆ ಬಿದ್ದಿರಬೇಕು ಎಂದು ಲೆಕ್ಕ ಹಾಕಿ. ಹತ್ತಿರದ ಗೆಲಾಕ್ಸಿಗಳಲ್ಲಿ ಈಗ ಸುಮ್ಮನೆ ಕುಳಿತಿರುವ ಕಪ್ಪುಕುಳಿಗಳ ಒಟ್ಟು ತೂಕದ ಜೊತೆಗೆ ಅದನ್ನು ಹೋಲಿಸಿ. ಮುಂದಿನ ದಶಕಗಳಲ್ಲಿ ಒಳ್ಳೆಯ ಅಳತೆಗಳು ಬಂದಾಗ ಎರಡೂ ಹೆಚ್ಚುಕಡಿಮೆ ತಾಳೆಯಾದವು. ಎರಡು ಬೇರೆ ಬೇರೆ ವಹಿಗಳು ಹೀಗೆ ಒಂದಕ್ಕೊಂದು ಹೊಂದಿದರೆ ನಮ್ಮ ವೃತ್ತಿಯವರಿಗೆ ಎಷ್ಟು ಸಮಾಧಾನವಾಗುತ್ತದೆ ಎಂಬುದನ್ನು ವಿವರಿಸಲಾರೆ. ಕಪ್ಪುಕುಳಿಗಳ ಬಹುಪಾಲು ತೂಕ ಬಂದದ್ದು ಬೆಳಗುತ್ತಾ ಅನಿಲ ನುಂಗುವುದರಿಂದ, ಇಷ್ಟಂತೂ ಖಚಿತ. ಬೆಳವಣಿಗೆಯ ಖಾತೆ ಸರಿಯಾಗಿದೆ. ಸಿಗದಿರುವುದು ಆರಂಭದ ಶಿಲ್ಕು, ಅಂದರೆ ಕಪ್ಪುಕುಳಿ ಹುಟ್ಟಿದಾಗಿನ ತೂಕ.

ಮೂರನೆಯ ಪಾಠ ಈ ಶಿಲ್ಕಿನ ಬೆನ್ನು ಹತ್ತುತ್ತದೆ. ಬೀಳುವ ಅನಿಲ ಕಾದು ಬೆಳಗುತ್ತದೆ. ಆ ಬೆಳಕಿಗೂ ಒತ್ತಡವಿದೆ. ಒಂದು ಮಿತಿ ದಾಟಿದರೆ ಬೆಳಕೇ ಹೊಸ ಅನಿಲವನ್ನು ಹೊರಗೆ ತಳ್ಳುತ್ತದೆ. ಆರ್ಥರ್ ಎಡಿಂಗ್ಟನ್ ನಕ್ಷತ್ರಗಳಿಗಾಗಿ ಕಂಡುಹಿಡಿದ ಮಿತಿ ಇದು. ಕಪ್ಪುಕುಳಿ ದೊಡ್ಡದಾದಷ್ಟೂ ಮಿತಿಯೂ ಅದೇ ಪ್ರಮಾಣದಲ್ಲಿ ಏರುವುದರಿಂದ ಬೆಳವಣಿಗೆ ಚಕ್ರಬಡ್ಡಿಯ ದಾರಿ ಹಿಡಿಯುತ್ತದೆ. ಬೀಳುವ ದ್ರವ್ಯದ ಹತ್ತನೆಯ ಒಂದು ಭಾಗ ಬೆಳಕಾಗಿ ಹೋಗುತ್ತದೆ ಎಂದು ಇಟ್ಟುಕೊಂಡರೆ, ತೂಕ ಇಮ್ಮಡಿಯಾಗಲು ಸುಮಾರು ಮೂರೂವರೆ ಕೋಟಿ ವರ್ಷ ಬೇಕು.

ಇಷ್ಟು ಹೇಳಿ ಪಾಠ ನಿಲ್ಲುತ್ತದೆ. ಅಭ್ಯಾಸದ ಹಾಳೆಯೊಂದು ತೆರೆಯುತ್ತದೆ. ಉತ್ತರ ತುಂಬದೆ ಮುಂದಿನ ಭಾಗ ಚಾಲೂ ಆಗುವುದಿಲ್ಲ. ಕೆಲವರಿಗೆ ಇದು ಕಿರಿಕಿರಿಯಾಗಬಹುದು. ನನಗೆ ಇಡೀ ಸರಣಿಯ ಅತ್ಯುತ್ತಮ ಗಳಿಗೆ ಇದೇ. ಹಾಳೆಯಲ್ಲಿ ಕೊಟ್ಟಿದ್ದು ಎಡ್ವಾರ್ಡೊ ಬನ್ಯಾಡೊಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಜೆ1342+0928 ಎಂಬ ಕ್ವೇಸಾರ್. ಮಹಾಸ್ಫೋಟವಾಗಿ ಸುಮಾರು 69 ಕೋಟಿ ವರ್ಷ ಕಳೆದಿದ್ದಾಗಲೇ ಅದರ ಕಪ್ಪುಕುಳಿ 80 ಕೋಟಿ ಸೂರ್ಯರಷ್ಟು ತೂಗುತ್ತಿತ್ತು. ಮೊದಲ ನಕ್ಷತ್ರದ ಅವಶೇಷವಾಗಿ ನೂರು ಸೂರ್ಯರ ತೂಕದ ಕಪ್ಪುಕುಳಿ ಸಿಕ್ಕಿತೆಂದುಕೊಳ್ಳಿ. ನೂರರಿಂದ 80 ಕೋಟಿಗೆ ಏರಲು ಇಪ್ಪತ್ತಮೂರು ಸಲ ಇಮ್ಮಡಿಯಾಗಬೇಕು. ಅದಕ್ಕೆ ಸುಮಾರು 80 ಕೋಟಿ ವರ್ಷ ಬೇಕು. ಇರುವುದು 69 ಕೋಟಿ. ಅದರಲ್ಲೂ ಮೊದಲ ನಕ್ಷತ್ರಗಳು ಹುಟ್ಟುವುದಕ್ಕೇ 10 ಕೋಟಿ ವರ್ಷಗಳಿಗೂ ಹೆಚ್ಚು ಹೋಗಿದೆ. ಒಂದು ದಿನವೂ ಉಪವಾಸವಿಲ್ಲದೆ, ಗರಿಷ್ಠ ಮಿತಿಯಲ್ಲೇ ತಿನ್ನುತ್ತಾ ಬಂದರೂ ಲೆಕ್ಕ ಕೂಡುವುದಿಲ್ಲ. ಆರಂಭ ಒಂದು ಲಕ್ಷ ಸೂರ್ಯರದ್ದಾದರೆ ಹದಿಮೂರು ಇಮ್ಮಡಿ ಸಾಕು, ಸುಮಾರು 45 ಕೋಟಿ ವರ್ಷ. ಆಗ ಕೂಡುತ್ತದೆ.

'ಕಪ್ಪುಕುಳಿಗಳು ನಿರೀಕ್ಷೆಗಿಂತ ಬೇಗ ಬೆಳೆದಿವೆ' ಎಂಬ ಸಾಲನ್ನು ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಓದಿದ್ದೆ. ನಿರೀಕ್ಷೆ ಯಾರದು, ಬೇಗ ಎಂದರೆ ಎಷ್ಟು ಎಂಬುದು ನನ್ನ ಕೈಯಾರೆ ಬರೆದ ಅಂಕಣದಲ್ಲಿ ಕಾಣುವವರೆಗೂ ಆ ಸಾಲು ನನ್ನೊಳಗೆ ಇಳಿದಿರಲಿಲ್ಲ.

ಆದರೆ ಹಾಳೆಯ ಕೊನೆಯಲ್ಲಿ, ಐಚ್ಛಿಕ ಪ್ರಶ್ನೆಯಾಗಿ, ಒಂದು ದೊಡ್ಡ ವಿಷಯವನ್ನು ಹುದುಗಿಸಿ ಇಟ್ಟಿದ್ದಾರೆ. ಆ 'ಹತ್ತನೆಯ ಒಂದು' ಸ್ಥಿರವಾದ ಸಂಖ್ಯೆಯಲ್ಲ. ತಿರುಗದ ಕಪ್ಪುಕುಳಿಯಲ್ಲಿ ಅದು ಶೇ 5.7ಕ್ಕೆ ಇಳಿಯುತ್ತದೆ, ಗರಿಷ್ಠ ವೇಗದಲ್ಲಿ ತಿರುಗುವುದರಲ್ಲಿ ಶೇ 42ರವರೆಗೆ ಏರಬಹುದು. ಬೆಳಕಾಗಿ ಹೋಗುವ ಪಾಲು ಕಡಿಮೆಯಾದರೆ ಒಳಗೆ ಉಳಿಯುವ ಪಾಲು ಹೆಚ್ಚು, ಬೆಳಕಿನ ತಡೆಯೂ ಕಡಿಮೆ. ಶೇ 5.7 ಇಟ್ಟು ಲೆಕ್ಕ ಮಾಡಿದರೆ ಇಮ್ಮಡಿಯಾಗುವ ಅವಧಿ ಎರಡು ಕೋಟಿ ವರ್ಷಕ್ಕೂ ಕೆಳಗೆ ಬರುತ್ತದೆ, ನೂರು ಸೂರ್ಯರ ಬೀಜವೂ, ಅಂದರೆ ಆರಂಭದ ಕಪ್ಪುಕುಳಿಯೂ, ಗಡುವಿನೊಳಗೆ ಬೆಳೆಯಬಹುದು. ಶೇ 30 ಇಟ್ಟರೆ ಹದಿಮೂರು ಕೋಟಿ ವರ್ಷ ದಾಟುತ್ತದೆ, ಲಕ್ಷ ಸೂರ್ಯರ ಬೀಜವೂ ಸೋಲುತ್ತದೆ. ಬಡ್ಡಿದರ ಇಷ್ಟು ಅಲುಗಾಡುತ್ತಿರುವಾಗ ಅಸಲಿನ ಬಗ್ಗೆ ಖಂಡಿತವಾಗಿ ಮಾತಾಡುವುದು ಹೇಗೆ? ಇದಕ್ಕೇ ಒಂದು ಪೂರ್ತಿ ಪಾಠ ಮೀಸಲಿಡಬೇಕಿತ್ತು. ಆ ಐಚ್ಛಿಕ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ.

ನಾಲ್ಕು ಮತ್ತು ಐದನೆಯ ಪಾಠಗಳು ಬೀಜಗಳ ಕುರಿತು. ಮೊದಲ ತಲೆಮಾರಿನ ನಕ್ಷತ್ರಗಳಲ್ಲಿ ಜಲಜನಕ, ಹೀಲಿಯಂ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅನಿಲವನ್ನು ತಂಪಾಗಿಸುವ ಇಂಗಾಲ, ಆಮ್ಲಜನಕಗಳಿಲ್ಲದೆ ಮೋಡಗಳು ಚಿಕ್ಕ ಚೂರುಗಳಾಗಿ ಒಡೆಯಲಿಲ್ಲ. ಹಾಗಾಗಿ ನಕ್ಷತ್ರಗಳು ದೊಡ್ಡದಾದವು, ಸತ್ತಾಗ ಉಳಿದ ಕಪ್ಪುಕುಳಿಗಳೂ ತಕ್ಕಮಟ್ಟಿಗೆ ದೊಡ್ಡವು. ತೊಂದರೆಯೆಂದರೆ ಆ ನಕ್ಷತ್ರ ಬದುಕಿರುವಾಗಲೇ ತನ್ನ ಬೆಳಕಿನಿಂದ ಸುತ್ತಲಿನ ಅನಿಲವನ್ನು ಚದುರಿಸಿಬಿಟ್ಟಿರುತ್ತದೆ. ಹುಟ್ಟಿದ ಕಪ್ಪುಕುಳಿ ಬಹುಕಾಲ ಹಸಿದೇ ಕೂರಬೇಕಾಗುತ್ತದೆ. ಎರಡನೆಯ ದಾರಿ ದಟ್ಟವಾದ ನಕ್ಷತ್ರಗುಚ್ಛಗಳದ್ದು. ಅಲ್ಲಿ ನಕ್ಷತ್ರಗಳು ಒಂದರ ಮೇಲೊಂದು ಅಪ್ಪಳಿಸಿ ಒಂದಾಗುತ್ತಾ ಸಾವಿರ ಸೂರ್ಯರ ಆಸುಪಾಸಿನ ದೈತ್ಯ ಹುಟ್ಟಬಹುದು. ಇದನ್ನು ಬೇಗ ಮುಗಿಸಿದ್ದಾರೆ. ನಾನೂ ಬೇಗ ದಾಟುತ್ತೇನೆ.

ಮೂರನೆಯ ದಾರಿ ನೇರ ಕುಸಿತ. ವೋಲ್ಕರ್ ಬ್ರೊಮ್ ಮತ್ತು ಏವಿ ಲೋಬ್ 2003ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ಪರೀಕ್ಷಿಸಿದ್ದರು. ಇನ್ನೂ ನಕ್ಷತ್ರ ಹುಟ್ಟದ ಒಂದು ಅನಿಲರಾಶಿ, ಪಕ್ಕದಲ್ಲೇ ಆಗಲೇ ಹೊತ್ತಿಕೊಂಡ ಇನ್ನೊಂದು ಗೆಲಾಕ್ಸಿ. ಪಕ್ಕದ ಗೆಲಾಕ್ಸಿಯ ಅತಿನೇರಳೆ ಬೆಳಕು ಈ ರಾಶಿಯೊಳಗಿನ ಜಲಜನಕದ ಅಣುಗಳನ್ನು ಒಡೆಯುತ್ತದೆ. ಅಣುಗಳಿಲ್ಲದಿದ್ದರೆ ಅನಿಲ ಸುಮಾರು 8,000 ಡಿಗ್ರಿಗಿಂತ ಕೆಳಗೆ ತಣಿಯಲಾರದು, ತಣಿಯದ್ದು ಚೂರಾಗಲಾರದು, ಚೂರಾಗದ್ದು ಇಡಿಯಾಗಿ ಕುಸಿಯುತ್ತದೆ. ಕೊನೆಗೆ ಹತ್ತು ಸಾವಿರದಿಂದ ಒಂದು ಲಕ್ಷ ಸೂರ್ಯರ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ತೂಕದ ಬೀಜ ಸಿಗುತ್ತದೆ. ಈ ಸರಪಳಿಯನ್ನು ಪಾಠದಲ್ಲಿ ಕೊಂಡಿಕೊಂಡಿಯಾಗಿ ಬಿಡಿಸಿದ ಬಗೆ ಅದ್ಭುತ. ಒಂದು ಕೊಂಡಿಯನ್ನು ಅಳಿಸಿ 'ಈಗೇನಾಗುತ್ತದೆ?' ಎಂದು ಕೇಳುತ್ತಾರೆ. ಅನಿಲದಲ್ಲಿ ಒಂದಿಷ್ಟು ಭಾರದ ಧಾತು ಬೆರೆತರೆ? ಪಕ್ಕದ ಗೆಲಾಕ್ಸಿ ಸ್ವಲ್ಪ ದೂರ ಇದ್ದಿದ್ದರೆ? ಪ್ರತಿ ಸಲವೂ ಉತ್ತರ ಒಂದೇ: ದೈತ್ಯ ಬೀಜ ಕೈತಪ್ಪಿ, ಸಾಮಾನ್ಯ ನಕ್ಷತ್ರಗಳು ಹುಟ್ಟುತ್ತವೆ. ಈ ದಾರಿ ಎಷ್ಟು ಅಪರೂಪದ್ದು ಎಂಬುದು ಹೀಗೆ ತಾನಾಗಿ ಮನದಟ್ಟಾಗುತ್ತದೆ.

ಆರನೆಯ ಪಾಠ ಜೇಮ್ಸ್ ವೆಬ್ ದೂರದರ್ಶಕದ್ದು. 2021ರ ಡಿಸೆಂಬರ್ 25ರಂದು ಮೇಲೇರಿದ ಈ ದೂರದರ್ಶಕ ಅವಕೆಂಪು ಬೆಳಕನ್ನು ನೋಡುವುದರಿಂದ, ಹಿಗ್ಗಿ ಕೆಂಪಾದ ಆದಿಕಾಲದ ಬೆಳಕು ಅದಕ್ಕೆ ದಕ್ಕುತ್ತದೆ. ಯುಎಚ್‌ಝಡ್1 ಎಂಬ ಗೆಲಾಕ್ಸಿಯ ಭಾಗ ನನಗೆ ತುಂಬ ಹಿಡಿಸಿತು. ಅಬೆಲ್ 2744 ಎಂಬ ಗೆಲಾಕ್ಸಿಗುಚ್ಛ ತನ್ನ ಗುರುತ್ವದಿಂದ, ಹಿಂಬದಿಯಲ್ಲಿರುವ ಈ ಗೆಲಾಕ್ಸಿಯ ಬೆಳಕನ್ನು ದೊಡ್ಡದಾಗಿಸಿ ತೋರಿಸಿತು. ವೆಬ್ ಗೆಲಾಕ್ಸಿಯನ್ನು ಕಂಡರೆ, ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಅವರ ನೆನಪಿನ ಚಂದ್ರಾ ವೀಕ್ಷಣಾಲಯ ಅದರೊಳಗಿನ ಎಕ್ಸ್ ಕಿರಣಗಳನ್ನು ಹಿಡಿಯಿತು. ಮಹಾಸ್ಫೋಟದ ನಂತರ ಕೇವಲ 47 ಕೋಟಿ ವರ್ಷಗಳ ಹೊತ್ತಿಗೆ ಒಂದರಿಂದ ಹತ್ತು ಕೋಟಿ ಸೂರ್ಯರ ತೂಕದ ಕಪ್ಪುಕುಳಿ ಅಲ್ಲಿತ್ತು ಎಂದು 2023ರಲ್ಲಿ ಅಂದಾಜಿಸಿದರು. ಹತ್ತಿರದ ಗೆಲಾಕ್ಸಿಗಳಲ್ಲಿ ಕಪ್ಪುಕುಳಿಯ ತೂಕ ನಡುಭಾಗದ ನಕ್ಷತ್ರಗಳ ತೂಕದ ಸಾವಿರದ ಒಂದೆರಡು ಪಾಲು. ಇಲ್ಲಿ ಅದು ನಕ್ಷತ್ರಗಳ ತೂಕಕ್ಕೇ ಸರಿಸಮಾನವಾಗುವಷ್ಟಿದೆ. ನೇರ ಕುಸಿತದಿಂದ ಹುಟ್ಟಿದ್ದರೆ ಗೆಲಾಕ್ಸಿ ಹೀಗೆಯೇ ಕಾಣಬೇಕು ಎಂದು ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು 2017ರಲ್ಲೇ ಬರೆದಿದ್ದರು. ವಸ್ತು ಕಾಣುವ ಮೊದಲೇ ಅದರ ಗುರುತನ್ನು ಬರೆದಿಟ್ಟಿದ್ದು ದೊಡ್ಡ ಮಾತು.

ಏಳನೆಯ ಪಾಠ ಈ ಹುರುಪಿನಲ್ಲೇ ಓಡಿ, ನೇರ ಕುಸಿತವೇ ಉತ್ತರ ಎಂದು ಖಾತೆ ಮುಚ್ಚಿಬಿಡುತ್ತದೆ. ನನ್ನ ತಕರಾರು ಇಲ್ಲಿ. ಎಡಿಂಗ್ಟನ್ ಮಿತಿ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬೀಳುವ ಅನಿಲಕ್ಕೆ ಕಟ್ಟಿದ ಲೆಕ್ಕ. ಅನಿಲ ದಪ್ಪ ತಟ್ಟೆಯಾಗಿ ಸುತ್ತುತ್ತಾ ಬೀಳುವಾಗ ಬೆಳಕು ಅದರೊಳಗೇ ಸಿಕ್ಕಿಬಿದ್ದು ಅನಿಲದ ಜೊತೆಗೇ ಒಳಗೆ ಹೋಗಬಹುದು. ಮಿತಿ ಮೀರಿದ ಊಟ ಸಾಧ್ಯ. ಇದು ಬರೀ ಊಹೆಯಲ್ಲ. ಜಿಎನ್-ಝಡ್11 ಗೆಲಾಕ್ಸಿಯಲ್ಲಿ, ಮಹಾಸ್ಫೋಟವಾಗಿ 44 ಕೋಟಿ ವರ್ಷ ತುಂಬುವ ಹೊತ್ತಿಗೆ, ಸುಮಾರು 16 ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯೊಂದು ಮಿತಿಯ ಐದು ಪಟ್ಟು ವೇಗದಲ್ಲಿ ಬೆಳೆಯುತ್ತಿರುವ ಸೂಚನೆಯನ್ನು 2024ರಲ್ಲಿ ಪ್ರಕಟಿಸಿದ್ದಾರೆ. ಅದೇ ವರ್ಷ ವರದಿಯಾದ ಎಲ್‌ಐಡಿ-568 ಎಂಬ ಕಪ್ಪುಕುಳಿಯಲ್ಲಿ ಅಂದಾಜು ನಲವತ್ತು ಪಟ್ಟು. ಸಣ್ಣ ಬೀಜವೂ ಇಂಥ ಕೆಲವು ಹಬ್ಬದೂಟಗಳಿಂದ ಗಡುವನ್ನು ಮುಟ್ಟಬಹುದಲ್ಲವೇ? ಈ ಸಾಧ್ಯತೆಯನ್ನು ಪಾಠ ಎರಡೇ ವಾಕ್ಯಗಳಲ್ಲಿ ತಳ್ಳಿಹಾಕುತ್ತದೆ.

ಇನ್ನೊಂದು ಕೊರತೆಯೂ ಇಲ್ಲೇ ಇದೆ. ವೆಬ್ ರಾಶಿರಾಶಿಯಾಗಿ ಕಂಡ 'ಪುಟ್ಟ ಕೆಂಪು ಚುಕ್ಕಿ' ಎಂಬ ದೂರದ, ಸಣ್ಣಗೆ ಕೆಂಪಾಗಿ ಕಾಣುವ ವಸ್ತುಗಳನ್ನು ದೈತ್ಯ ಕಪ್ಪುಕುಳಿಗಳ ಸಾಲಿಗೆ ನೇರವಾಗಿ ಸೇರಿಸಿದ್ದಾರೆ. ಅವುಗಳ ತೂಕ ಬರುವುದು ರೋಹಿತದ ರೇಖೆ ಎಷ್ಟು ಅಗಲವಿದೆ ಎಂಬುದರಿಂದ. ಅಗಲ ಹೆಚ್ಚಿದಷ್ಟೂ ಅನಿಲದ ವೇಗ ಹೆಚ್ಚು, ತೂಕ ಹೆಚ್ಚು. ಆದರೆ ದಟ್ಟ ಅನಿಲದಲ್ಲಿ ಎಲೆಕ್ಟ್ರಾನುಗಳಿಗೆ ಬಡಿದು ಚದುರಿದ ಬೆಳಕಿನ ರೇಖೆಯೂ ಅಗಲವಾಗುತ್ತದೆ. ಹಾಗಾಗಿದ್ದರೆ ತೂಕವನ್ನು ಬಹಳ ಹೆಚ್ಚಾಗಿ ಅಂದಾಜಿಸಿದಂತೆ ಎಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಅದಕ್ಕೆ ಎದುರಾಗಿ, ಅಬೆಲ್ 2744ರ ಹಿಂದಿನ ಒಂದು ಚುಕ್ಕಿಯಲ್ಲಿ ಸುತ್ತುವ ಅನಿಲದ ಚಲನೆಯಿಂದಲೇ 5 ಕೋಟಿ ಸೂರ್ಯರ ತೂಕ ಸಿಕ್ಕಿದೆ ಎಂಬ ಅಳತೆ 2025ರಲ್ಲಿ ಬಂತು. ವಿವಾದ ಜೀವಂತವಾಗಿದೆ. ಇಂಥ ವಹಿಗೆ ಷರಾ ಬರೆಯದೆ ಸಹಿ ಹಾಕಬಾರದು. ಮೂರನೆಯ ಪಾಠದಲ್ಲಿ ಕಲಿಯುವವರ ಕೈಗೆ ಪೆನ್ಸಿಲ್ ಕೊಟ್ಟು ಲೆಕ್ಕ ಮಾಡಿಸಿದ ಅದೇ ಶಿಕ್ಷಕರು ಇಲ್ಲಿ ನಮ್ಮ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಂತೆ ನನಗೆ ನೋವಾಯಿತು.

ಎಂಟನೆಯದು ಗೆಲಾಕ್ಸಿಗಳು ಡಿಕ್ಕಿಯಾಗಿ ಕಪ್ಪುಕುಳಿಗಳು ಒಂದಾಗುವ ಕಥೆ. ಅವಸರದ ಪಾಠ. ಪಲ್ಸಾರ್ ಎಂಬ ಲಯಬದ್ಧ ನಕ್ಷತ್ರಗಳ ಮಿಡಿತ ಅಳೆದು 2023ರ ಜೂನ್‌ನಲ್ಲಿ ಹಲವು ತಂಡಗಳು ಗುರುತ್ವ ಅಲೆಗಳ (ದೇಶಕಾಲದ ಕಂಪನಗಳ) ಹಿನ್ನೆಲೆ ಗುನುಗಿಗೆ ಪುರಾವೆ ಪ್ರಕಟಿಸಿದ್ದನ್ನು ಒಂದೇ ಚಿತ್ರದಲ್ಲಿ ಮುಗಿಸಿದ್ದಾರೆ. ಕದಡಿದ ಕಪ್ಪುಕುಳಿ ತನ್ನದೇ ಸ್ವರದಲ್ಲಿ ಕಂಪಿಸಿ ಶಾಂತವಾಗುತ್ತದೆ ಎಂಬುದನ್ನು ವಿವರಿಸುವಾಗ, 1970ರಲ್ಲೇ ಅದನ್ನು ತೋರಿಸಿಕೊಟ್ಟ ಸಿ.ವಿ. ವಿಶ್ವೇಶ್ವರ ಅವರ ಹೆಸರೇ ಬರುವುದಿಲ್ಲ, ಬರಬೇಕಿತ್ತು. ಉಪಯೋಗಕ್ಕೆ ಬರುವ ಭಾಗವೆಂದರೆ ಗುರುತ್ವ ಅಲೆಗಳನ್ನು ಹಿಡಿಯುವ ಲೀಸಾ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಅನುಮೋದಿಸಿದ, 2035ರ ಸುಮಾರಿಗೆ ಹಾರಬೇಕಾದ ಯೋಜನೆ. 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ತೇಲುವ ಮೂರು ನೌಕೆಗಳು ಹತ್ತು ಸಾವಿರ, ಲಕ್ಷ ಸೂರ್ಯರ ತೂಕದ ಕಪ್ಪುಕುಳಿಗಳ ವಿಲೀನವನ್ನು ಆದಿಕಾಲದಿಂದಲೇ ಕೇಳಬಲ್ಲವು. ಬೆಳಕಿನ ಹಂಗಿಲ್ಲದೆ ಬೀಜಗಳನ್ನೇ ತೂಗಿದಂತಾಗುತ್ತದೆ.

ಸೇವೆಯ ಬಗ್ಗೆ. ಧ್ವನಿ, ಚಿತ್ರ ಎರಡೂ ಚೊಕ್ಕಟ. ಮೊಬೈಲಿನಲ್ಲಿ ನೋಡಬಹುದು, ಆದರೆ ಅಭ್ಯಾಸದ ಹಾಳೆಗೆ ದೊಡ್ಡ ಪರದೆಯೇ ಬೇಕು. ಪ್ರಶ್ನೆ ಕೇಳಿದರೆ ಸಹಾಯಕ ಶಿಕ್ಷಕರು ಉತ್ತರಿಸುತ್ತಾರೆ; ಕಪ್ಪುಕುಳಿಯ ತಿರುಗುವಿಕೆಯ ಬಗ್ಗೆ ನಾನು ಕೇಳಿದ್ದಕ್ಕೆ ಸಮೀಕರಣದ ಸಮೇತ ತಾಳ್ಮೆಯಿಂದ ಬರೆದ ಉತ್ತರ ಬಂತು. ಕೆಟ್ಟದ್ದೆಂದರೆ ಪರದೆಯ ಕೆಳಗೆ ಓಡುವ ಅಡಿಬರಹ. ಯಂತ್ರವೇ ಬರೆದದ್ದನ್ನು ಯಾರೂ ತಿದ್ದಿಲ್ಲ. ಎಂ87 ಗೆಲಾಕ್ಸಿಯ ಕಪ್ಪುಕುಳಿ 650 ಕೋಟಿ ಸೂರ್ಯರ ತೂಕದ್ದು. ಶಿಕ್ಷಕರು ಬಿಲಿಯನ್ ಎಂದು ಸ್ಪಷ್ಟವಾಗಿ ಹೇಳಿದರೂ ಅಡಿಬರಹದಲ್ಲಿ ಮಿಲಿಯನ್ ಎಂದಿದೆ. ಸಾವಿರ ಪಟ್ಟು ವ್ಯತ್ಯಾಸ! ಕಿವಿ ಕೇಳದವರು, ಉಚ್ಚಾರಣೆ ಹಿಡಿಯಲಾರದವರು ಅಡಿಬರಹವನ್ನೇ ನಂಬಿ ಕಲಿಯುತ್ತಾರೆ. ಅವರಿಗೆ ಇದು ಅನ್ಯಾಯ. ನಿರ್ಮಾಪಕರಿಗೆ ಪಟ್ಟಿ ಮಾಡಿ ಕಳುಹಿಸಿದೆ. ಮೂರನೆಯ ಪಾಠದ್ದು ಸರಿಯಾಗಿದೆ, ಆರನೆಯದು ಇನ್ನೂ ಹಾಗೆಯೇ ಇದೆ.

ನೋಡುವವರು ಒಂದು, ಎರಡು, ಮೂರನ್ನು ಕ್ರಮವಾಗಿ ನೋಡಿ. ನಾಲ್ಕಕ್ಕೆ ಹೋಗುವ ಮುನ್ನ ಆ ಹಾಳೆಯಲ್ಲಿ 2021ರಲ್ಲಿ ಪ್ರಕಟವಾದ ಜೆ0313-1806 ಕ್ವೇಸಾರ್‌ನ ಅಂಕಿಗಳನ್ನೂ ಹಾಕಿ: 67 ಕೋಟಿ ವರ್ಷ, 160 ಕೋಟಿ ಸೂರ್ಯರು. ಏಳನೆಯ ಪಾಠವನ್ನು ಒಂದು ಪಕ್ಷದ ವಾದವೆಂದು ತಿಳಿದು ಕೇಳಿ. ಹಾಳೆಗಳಿಗೆ ಚಂದಾ ಮುಗಿದ ದಿನವೇ ಬೀಗ ಬೀಳುತ್ತದೆ, ಅದಕ್ಕೂ ಮೊದಲೇ ಇಳಿಸಿಟ್ಟುಕೊಳ್ಳಿ.